ಉಬುಂಟು ಹೊಸ ವರ್ಷನ್ ಬಂತಂತೆ, ಈಗಲೇ ಹಾಕಬಹುದಾ?

ಏಪ್ರಿಲ್ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. "ಉಬುಂಟು ಹೊಸ ವರ್ಷನ್ ಬಿಟ್ಟಿದ್ದಾರಂತೆ. ನನ್ನ ಕಂಪ್ಯೂಟರಿನಲ್ಲಿ ಯಾಕೆ ತೋರಿಸುವುದಿಲ್ಲ? ಈಗಲೇ ಹಾಕಬಹುದಾ?" ಅಕ್ಟೋಬರಿನಲ್ಲಿ ಮತ್ತೆ ಅದೇ ಪ್ರಶ್ನೆ. ಕೇಳುವವರಲ್ಲಿ ಶಾಲೆಯ ಟೀಚರುಗಳಿದ್ದಾರೆ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರ ನಡೆಸುವವರಿದ್ದಾರೆ, ಮಗಳ ಓದಿಗೆಂದು ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಿಕೊಂಡ ಅಡಿಕೆ ಕೃಷಿಕರೂ ಇದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ.

ಉಬುಂಟು ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಲಿನಕ್ಸ್ ಅನ್ನುವ ಕುಟುಂಬದ್ದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸ ಆವೃತ್ತಿಯನ್ನು ಯಾವತ್ತು ಬಿಡಬೇಕು ಅಂತ ಉಬುಂಟುವಿನವರು ತೀರ್ಮಾನಿಸುತ್ತಾರೆ. ನಿಮ್ಮ ಕಂಪ್ಯೂಟರಿಗೆ ಅದನ್ನು ಯಾವತ್ತು ಹಾಕಬೇಕು ಅಂತ ನೀವೇ ತೀರ್ಮಾನಿಸಬೇಕು. ಅದನ್ನು ನಮ್ಮ ಊರಿನ ಮಳೆ, ಸಿಡಿಲು, ಶಾಲೆಯ ರಜೆ ನೋಡಿಕೊಂಡು ಮಾಡಬೇಕು. ಈ ಎರಡು ದಿನಗಳ ನಡುವೆ ಕಡಿಮೆಯೆಂದರೂ ನಾಲ್ಕು ತಿಂಗಳು ಇರಲಿ.

ಮುಂದೆ ಹೋಗುವ ಮೊದಲು ಕೆಲವು ಪದ. ಅಪ್‌ಡೇಟ್ ಅಂದರೆ ಇರುವ ಆವೃತ್ತಿಯಲ್ಲೇ ಸಣ್ಣಪುಟ್ಟ ತೊಂದರೆ ಸರಿಮಾಡುವುದು. ಒಡೆದ ಹೆಂಚು ಬದಲಿಸಿದ ಹಾಗೆ. ಇದನ್ನು ವಾರ ವಾರವೂ ಮಾಡಬೇಕು. ಅಪ್‌ಗ್ರೇಡ್ ಅಂದರೆ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವುದು. ಮನೆಯ ಮಾಡನ್ನೇ ಇಳಿಸಿ ಹೊಸದಾಗಿ ಹಾಕಿದ ಹಾಗೆ. ಜೋರು ಮಳೆಗಾಲದಲ್ಲಿ ಯಾರೂ ಮಾಡು ಬಿಚ್ಚುವುದಿಲ್ಲ ಅಲ್ವಾ? ಎಲ್‌ಟಿಎಸ್ ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ. ಐದು ವರ್ಷ ಅದಕ್ಕೆ ಭದ್ರತೆಯ ಅಪ್‌ಡೇಟ್ ಬರುತ್ತಿರುತ್ತದೆ. ಪಾಯಿಂಟ್ ರಿಲೀಸ್ ಅಂದರೆ ಅದೇ ಎಲ್‌ಟಿಎಸ್ ಅನ್ನು ಅಷ್ಟರವರೆಗಿನ ಎಲ್ಲ ತಿದ್ದುಪಡಿ ಸೇರಿಸಿ ಮತ್ತೆ ಕಟ್ಟಿ ಕೊಡುವುದು. 24.04 ಆದ ಮೇಲೆ 24.04.1, ಆಮೇಲೆ 24.04.2, ಹೀಗೆ. ಐಎಸ್‌ಒ ಅಂದರೆ ಪೆನ್‌ಡ್ರೈವಿಗೆ ಹಾಕಿ ಇನ್‌ಸ್ಟಾಲ್ ಮಾಡುವ ದೊಡ್ಡ ಫೈಲ್.

ಆವೃತ್ತಿಯ ಸಂಖ್ಯೆಯಲ್ಲೇ ತಾರೀಕು ಇದೆ. 24.04 ಅಂದರೆ 2024ರ ನಾಲ್ಕನೇ ತಿಂಗಳು. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಸಾಮಾನ್ಯವಾಗಿ ಒಂದು ಗುರುವಾರ ಬಿಡುಗಡೆ ಆಗುತ್ತದೆ. 2004ರ ಅಕ್ಟೋಬರಿನಲ್ಲಿ ಬಂದ 4.10 ಮೊದಲನೆಯದು. ಈ ಕ್ರಮ ಒಂದೇ ಸಲ ತಪ್ಪಿದೆ. 2006ರ ಏಪ್ರಿಲಿಗೆ ಬರಬೇಕಾಗಿದ್ದದ್ದನ್ನು ಇನ್ನಷ್ಟು ಗಟ್ಟಿ ಮಾಡಲಿಕ್ಕೆಂದು ಆರು ವಾರ ಮುಂದೆ ಹಾಕಿದರು. ಹಾಗಾಗಿ ಅದರ ಹೆಸರು 6.06 ಆಯಿತು. ಮೊದಲ ಎಲ್‌ಟಿಎಸ್ ಅದೇ.

ಹಂತ 1: ನಿಮ್ಮಲ್ಲಿ ಯಾವುದಿದೆ ನೋಡಿ

ಸೆಟ್ಟಿಂಗ್ಸ್ ತೆರೆದು ಕೆಳಗಿನ ಅಬೌಟ್ ಒತ್ತಿ. 24.04ರಲ್ಲಿ ಅದು ಸಿಸ್ಟಮ್ ಅನ್ನುವುದರ ಒಳಗಿದೆ. ಅಲ್ಲಿ ಸಂಖ್ಯೆಯ ಪಕ್ಕದಲ್ಲಿ ಎಲ್‌ಟಿಎಸ್ ಅಂತ ಇದೆಯಾ, ಇಲ್ಲವಾ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಎಲ್‌ಟಿಎಸ್ ಬರುವುದು ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲಿನಲ್ಲಿ: 20.04, 22.04, 24.04. ಇವುಗಳ ನಡುವೆ ಆರು ತಿಂಗಳಿಗೊಮ್ಮೆ ಬರುವುದಕ್ಕೆ ಒಂಬತ್ತೇ ತಿಂಗಳ ಆಯುಷ್ಯ. ಇಲ್ಲಿ ತುಂಬ ಜನ ಎಡವುತ್ತಾರೆ. "ಹೊಸದು ಒಳ್ಳೆಯದಲ್ವಾ" ಅಂತ ಯಾರೋ ಅಕ್ಟೋಬರಿನದ್ದನ್ನು ಹಾಕಿಕೊಡುತ್ತಾರೆ. ಒಂಬತ್ತು ತಿಂಗಳು ಕಳೆದ ಮೇಲೆ ಭದ್ರತೆಯ ಅಪ್‌ಡೇಟ್ ನಿಂತುಹೋಗುತ್ತದೆ. ಮುಂದಿನ ಆವೃತ್ತಿ ಬರುವುದು ಆರು ತಿಂಗಳಿಗೆ. ಅಂದರೆ ಅಪ್‌ಗ್ರೇಡ್ ಮಾಡಲಿಕ್ಕೆ ನಿಮಗೆ ಸಿಗುವುದು ಬರೇ ಮೂರು ತಿಂಗಳು. ಅದನ್ನು ತಪ್ಪಿಸಿಕೊಂಡರೆ ಹಳೆಯ ಸಾಫ್ಟ್‌ವೇರ್ ಭಂಡಾರವನ್ನೇ ಬೇರೆ ಕಡೆಗೆ ಸಾಗಿಸಿರುತ್ತಾರೆ, ಆಮೇಲೆ ಮುಂದೆ ಹೋಗುವುದು ತಲೆನೋವಿನ ಕೆಲಸ. ಕಂಪ್ಯೂಟರೇ ಹವ್ಯಾಸ ಅಂತ ಇರುವವರು ಹಾಕಿಕೊಳ್ಳಲಿ. ಮನೆಗೆ, ಅಂಗಡಿಗೆ, ಸಂಘದ ಆಫೀಸಿಗೆ ಎಲ್‌ಟಿಎಸ್ ಒಂದೇ ಸಾಕು.

ಶಾಲೆಯವರಿಗೆ ಒಂದು ಮಾತು. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಇರುವುದು ಕೈಟ್ ಗ್ನೂ/ಲಿನಕ್ಸ್. ಉಬುಂಟುವನ್ನೇ ತೆಗೆದುಕೊಂಡು ಪಾಠಕ್ಕೆ ಬೇಕಾದ ಸಾಫ್ಟ್‌ವೇರ್ ಸೇರಿಸಿ, ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆ ಅದನ್ನು ತಯಾರಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳ ಐಸಿಟಿ, ಅಂದರೆ ಕಂಪ್ಯೂಟರ್, ಪಾಠವೂ ಅದರ ಮೇಲೆಯೇ ನಡೆಯುತ್ತದೆ. ಅದರ 22.04 ಆವೃತ್ತಿ ಹೊರಬಂದದ್ದು 2024ರಲ್ಲಿ. ಉಬುಂಟು 22.04 ಬಂದು ಎರಡು ವರ್ಷ ಆದ ಮೇಲೆ! ಹಾಗಾಗಿ ಲ್ಯಾಬಿನ ಕಂಪ್ಯೂಟರಿನಲ್ಲಿ ಉಬುಂಟುವಿನ ಅಪ್‌ಗ್ರೇಡ್ ಸೂಚನೆ ಕಂಡರೆ ಒತ್ತಬೇಡಿ. ಕೈಟ್ ಕಡೆಯಿಂದ ಸುತ್ತೋಲೆ ಬರಲಿ. ಪಾಠದ ಸಾಫ್ಟ್‌ವೇರ್ ಒಂದು ತೆರೆಯದಿದ್ದರೂ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅನುಭವಿಸುವವರು ಮಕ್ಕಳು.

ಇನ್ನು ತುಂಬ ಹಳೆಯ 32 ಬಿಟ್ ಯಂತ್ರ ಇದ್ದವರಿಗೆ: 17.10ರಿಂದ ಈಚೆಗೆ ಉಬುಂಟು ಡೆಸ್ಕ್‌ಟಾಪಿನ 32 ಬಿಟ್ ಐಎಸ್‌ಒ ಬರುವುದೇ ಇಲ್ಲ. ನಿಮಗೆ ಈ ಲೇಖನ ಉಪಯೋಗಕ್ಕೆ ಬರಲಿಕ್ಕಿಲ್ಲ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಇದೆ, ಅದರ 12ರ 32 ಬಿಟ್ ಆವೃತ್ತಿ ನೋಡಿ.

ಹಂತ 2: ಯಾವುದು ಘೋಷಣೆ, ಯಾವುದು ಅಲ್ಲ

ಬಿಡುಗಡೆಯ ಗುರುವಾರ ಬೆಳಗ್ಗೆಯೇ ಯಾರೋ ವಾಟ್ಸಾಪಿನಲ್ಲಿ ಲಿಂಕ್ ಹಾಕುತ್ತಾರೆ. "ಬಂತು, ಡೌನ್‌ಲೋಡ್ ಮಾಡಿ." ಲಿಂಕ್ ಒತ್ತಿದರೆ ಫೈಲ್ ಸಿಗುತ್ತದೆ ಕೂಡ. ಆದರೆ ಅದಿನ್ನೂ ಬಿಡುಗಡೆ ಆಗಿಲ್ಲ.

ವಿಷಯ ಇಷ್ಟು. ಜಗತ್ತಿನ ಬೇರೆ ಬೇರೆ ಕಡೆ ಉಬುಂಟು ಫೈಲುಗಳ ನಕಲು ಇಟ್ಟುಕೊಂಡ ಸರ್ವರುಗಳಿವೆ, ಅವನ್ನು ಮಿರರ್ ಅನ್ನುತ್ತಾರೆ. ಘೋಷಣೆಯ ಹೊತ್ತಿಗೆ ಎಲ್ಲ ಮಿರರ್‌ಗಳಲ್ಲೂ ಫೈಲ್ ಇರಬೇಕಾದರೆ ಕೆಲವು ಗಂಟೆ ಮೊದಲೇ ಕಳಿಸಬೇಕು. ಅದೇ ಹೊತ್ತಿನಲ್ಲಿ ಕೊನೆಯ ಪರೀಕ್ಷೆಯೂ ನಡೆಯುತ್ತಿರುತ್ತದೆ. ಏನಾದರೂ ದೊಡ್ಡ ದೋಷ ಕಂಡರೆ ಆ ಫೈಲನ್ನು ತೆಗೆದು ಬೇರೆಯೇ ಕಟ್ಟುತ್ತಾರೆ. ಬೇಗ ಇಳಿಸಿಕೊಂಡವರ ಕೈಯಲ್ಲಿ ಯಾರೂ ಬಿಡುಗಡೆ ಮಾಡದ ಒಂದು ಐಎಸ್‌ಒ ಉಳಿಯುತ್ತದೆ. ಯಕ್ಷಗಾನದ ಬಯಲಿನಲ್ಲಿ ಸಂಜೆ ಕೇಳಿಯ ಚೆಂಡೆ ಬಡಿದ ಕೂಡಲೇ ವೇಷ ರಂಗಕ್ಕೆ ಬರುವುದಿಲ್ಲವಲ್ಲ, ಹಾಗೆ.

ಸಮಯದ ಲೆಕ್ಕವೂ ಗೊತ್ತಿರಲಿ. ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿ ಲಂಡನ್ನಿನದು. ಬಿಡುಗಡೆಯ ದಿನಗಳಲ್ಲಿ ಅಲ್ಲಿ ಬೇಸಗೆಯ ಗಡಿಯಾರ ಇರುತ್ತದೆ, ನಾವು ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ 3 ಗಂಟೆಗೆ ಘೋಷಣೆ ಆದರೆ ನಮ್ಮಲ್ಲಿ ಸಂಜೆ ಏಳೂವರೆ. ಹಾಗಾಗಿ ಗುರುವಾರ ಬೆಳಗ್ಗೆ ಎದ್ದು "ಇನ್ನೂ ಬಂದಿಲ್ಲ, ಏನೋ ತೊಂದರೆ ಆಗಿದೆ" ಅಂತ ಗಾಬರಿ ಬೇಡ. ಉಬುಂಟುವಿನ ಅಧಿಕೃತ ಡೌನ್‌ಲೋಡ್ ಪುಟದಲ್ಲಿ ಹೊಸ ಸಂಖ್ಯೆ ಕಂಡರೆ ಮಾತ್ರ ಬಿಡುಗಡೆ ಆಯಿತು ಅಂತ ತಿಳಿಯಿರಿ.

ಘೋಷಣೆ ಆದ ಮೇಲೂ ಹಿಂದೆ ತೆಗೆದುಕೊಂಡದ್ದಿದೆ. 2023ರ ಅಕ್ಟೋಬರಿನಲ್ಲಿ 23.10 ಬಂದ ಕೆಲವೇ ಗಂಟೆಗಳಲ್ಲಿ ಅದರ ಐಎಸ್‌ಒ ಹಿಂದೆ ಪಡೆದರು. ಇನ್‌ಸ್ಟಾಲ್ ಮಾಡುವ ಪರದೆಯ ಉಕ್ರೇನಿಯನ್ ಅನುವಾದದಲ್ಲಿ ಯಾರೋ ದ್ವೇಷದ ಮಾತು ತುರುಕಿದ್ದರು. 17.10ರದ್ದು ಇನ್ನೂ ಗಂಭೀರ. 2017ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ, ಡಿಸೆಂಬರಿನಲ್ಲಿ ಐಎಸ್‌ಒ ತೆಗೆದುಹಾಕಬೇಕಾಯಿತು. ಕೆಲವು ಲ್ಯಾಪ್‌ಟಾಪುಗಳ ಬಯಾಸ್ ಅನ್ನೇ ಅದು ಕೆಡಿಸುತ್ತಿತ್ತು. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ. ಅದು ಕೆಟ್ಟರೆ ಮನೆಯಲ್ಲಿ ಕೂತು ಸರಿಮಾಡುವ ವಿಷಯ ಅಲ್ಲ. ಸರಿಮಾಡಿದ 17.10.1 ಬಂದದ್ದು 2018ರ ಜನವರಿಯಲ್ಲಿ.

ಬೇರೆ ಲಿನಕ್ಸ್ ಬಳಸುವವರಿಗೆ ಚಿಕ್ಕದಾಗಿ: ಡೆಬಿಯನ್‌ಗೆ ಇಂಥದೇ ತಿಂಗಳು ಅಂತ ಇಲ್ಲ, ಸಿದ್ಧವಾದಾಗ ಬಿಡುತ್ತಾರೆ. 12 ಬಂದದ್ದು 2023ರ ಜೂನ್ 10ಕ್ಕೆ, 13 ಬಂದದ್ದು 2025ರ ಆಗಸ್ಟ್ 9ಕ್ಕೆ. ಫೆಡೋರಾ ಆರು ತಿಂಗಳಿಗೊಮ್ಮೆ ಅನ್ನುತ್ತದೆ, ದೊಡ್ಡ ದೋಷ ಉಳಿದಿದ್ದರೆ ವಾರಗಟ್ಟಲೆ ಮುಂದೆ ಹಾಕುತ್ತದೆ. ಲಿನಕ್ಸ್ ಮಿಂಟ್ ಉಬುಂಟು ಎಲ್‌ಟಿಎಸ್ ಮೇಲೆ ನಿಂತಿದೆ, ಹಾಗಾಗಿ ಕೆಲವು ತಿಂಗಳು ತಡವಾಗಿ ಬರುತ್ತದೆ. ಕೆಳಗಿನ ಹಂತಗಳಲ್ಲಿ ದಿನ ಆರಿಸುವುದು, ಬ್ಯಾಕಪ್, ಪರೀಕ್ಷೆ ಇವೆಲ್ಲ ನಿಮಗೂ ಹಾಗೆಯೇ ಹೊಂದುತ್ತವೆ.

ಹಂತ 3: '.1' ಬರುವವರೆಗೆ ಕಾಯಿರಿ

"ನನ್ನಲ್ಲಿ ಯಾಕೆ ತೋರಿಸುವುದಿಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದು ಎಲ್‌ಟಿಎಸ್‌ನಿಂದ ಮುಂದಿನ ಎಲ್‌ಟಿಎಸ್‌ಗೆ ಹೋಗುವ ಸೂಚನೆಯನ್ನು ಉಬುಂಟು ಏಪ್ರಿಲಿನಲ್ಲಿ ಕೊಡುವುದೇ ಇಲ್ಲ. ಮೊದಲ ಪಾಯಿಂಟ್ ರಿಲೀಸ್ ಆದ ಮೇಲೆ ಕೊಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಏನೂ ಕೆಟ್ಟಿಲ್ಲ. ಅದು ಬೇಕೆಂದೇ ಕಾಯುತ್ತಿದೆ.

ಹಿಂದಿನ ತಾರೀಕುಗಳನ್ನು ನೋಡಿ. 18.04.1 ಬಂದದ್ದು 2018ರ ಜುಲೈ 26. 20.04.1, 2020ರ ಆಗಸ್ಟ್ 6. 22.04.1 ಆಗಸ್ಟ್ 4ಕ್ಕೆ ಬರಬೇಕಿತ್ತು, ಒಂದು ವಾರ ಮುಂದೆ ಹೋಗಿ 11ಕ್ಕೆ ಬಂತು. 24.04.1 ಆಗಸ್ಟ್ 15ಕ್ಕೆ ನಿಗದಿಯಾಗಿತ್ತು, ಬಂದದ್ದು 29ಕ್ಕೆ. ಅಂದರೆ ನಮ್ಮ ಆಟಿ ತಿಂಗಳಿನಲ್ಲಿ ಅಥವಾ ಸೋಣದಲ್ಲಿ.

ಬಂದ ಮರುದಿನವೇ ಹಾಕುವುದೂ ಬೇಡ. 24.04.1 ಬಂದ ಮೇಲೆ 22.04ರವರಿಗೆ ಅಪ್‌ಗ್ರೇಡ್ ತೆರೆದರು. ಕೆಲವೇ ದಿನದಲ್ಲಿ ಮುಚ್ಚಿದರು. ಅಪ್‌ಗ್ರೇಡ್ ಮಾಡಿಸುವ ಸಾಧನದಲ್ಲಿಯೇ ದೋಷ ಇತ್ತು, ಬೇಕಾದ ಸಾಫ್ಟ್‌ವೇರುಗಳನ್ನೂ ಅದು ತೆಗೆದುಹಾಕುತ್ತಿತ್ತು. ಸರಿಮಾಡಿ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಹದಿನೈದು ದಿನ ಸುಮ್ನೆ ಕೂತವರಿಗೆ ಇದರ ಬಿಸಿ ತಟ್ಟಲೇ ಇಲ್ಲ.

ತಡ ಮಾಡಿದ್ದಕ್ಕೆ ಉಬುಂಟುವಿನವರನ್ನು ಬೈಯುವವರನ್ನು ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಅನ್ನುವ ಸಣ್ಣ ಸಾಫ್ಟ್‌ವೇರಿನೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಪತ್ತೆಯಾಯಿತು. ಫೈಲುಗಳನ್ನು ಚಿಕ್ಕದು ಮಾಡಲಿಕ್ಕೆ ಹೆಚ್ಚುಕಡಿಮೆ ಎಲ್ಲ ಲಿನಕ್ಸುಗಳೂ ಬಳಸುವ ಸಾಫ್ಟ್‌ವೇರ್ ಅದು. 24.04ರ ತಯಾರಿ ನಡೆಯುತ್ತಿದ್ದ ಹೊತ್ತು. ಆವಾಗ ಅವರು ಬೀಟಾವನ್ನು, ಅಂದರೆ ಪರೀಕ್ಷೆಯ ಆವೃತ್ತಿಯನ್ನು, ಏಪ್ರಿಲ್ 4ರಿಂದ 11ಕ್ಕೆ ಮುಂದೆ ಹಾಕಿ ಸಾಫ್ಟ್‌ವೇರುಗಳನ್ನು ಮತ್ತೆ ಹೊಸದಾಗಿ ಕಟ್ಟಿದರು. ಏಪ್ರಿಲ್ 25ರ ಬಿಡುಗಡೆ ಮಾತ್ರ ತಪ್ಪಲಿಲ್ಲ. ಹೇಳಿದ ದಿನಕ್ಕಿಂತ ನಮ್ಮ ಕಂಪ್ಯೂಟರಿನ ಸುರಕ್ಷೆ ದೊಡ್ಡದು ಅಂತ ತಿಳಿದವರು ಮಾಡುವ ಕೆಲಸ ಇದು.

ಈಗ ನೀವು ಮಾಡಬೇಕಾದ್ದು: 'ಸಾಫ್ಟ್‌ವೇರ್ ಆಂಡ್ ಅಪ್‌ಡೇಟ್ಸ್' ತೆರೆಯಿರಿ, 'ಅಪ್‌ಡೇಟ್ಸ್' ಪುಟಕ್ಕೆ ಹೋಗಿ. ಹೊಸ ಆವೃತ್ತಿ ಬಂದರೆ ತಿಳಿಸಬೇಕಾ ಅಂತ ಕೇಳುವ ಕಡೆ 'ಫಾರ್ ಲಾಂಗ್ ಟರ್ಮ್ ಸಪೋರ್ಟ್ ವರ್ಷನ್ಸ್' ಅಂತ ಇರಲಿ. 'ಎನಿ ನ್ಯೂ ವರ್ಷನ್' ಇದ್ದರೆ ಆರು ತಿಂಗಳಿಗೊಮ್ಮೆ ಬರುವುದನ್ನೂ ತೋರಿಸುತ್ತದೆ. ಗೊತ್ತಿಲ್ಲದೆ ಒತ್ತಿದರೆ ಒಂಬತ್ತು ತಿಂಗಳ ಆಯುಷ್ಯದ ಸಾಲಿಗೆ ಬಿದ್ದಿರಿ ಅಂತಲೇ ಲೆಕ್ಕ. ವಾಪಸು ಬರಲಿಕ್ಕೆ ದಾರಿಯಿಲ್ಲ.

ಎಚ್ಚರಿಕೆ: ಟರ್ಮಿನಲ್ ಅಂದರೆ ಆಜ್ಞೆಗಳನ್ನು ಬರೆದು ಕೊಡುವ ಕಿಟಕಿ. ಅಲ್ಲಿ ಅಪ್‌ಗ್ರೇಡ್ ಕಮಾಂಡಿನ ಕೊನೆಗೆ '-ಡಿ' ಸೇರಿಸಿದರೆ ಏಪ್ರಿಲಿನಲ್ಲೇ ಅಪ್‌ಗ್ರೇಡ್ ಆಗುತ್ತದೆ ಅಂತ ಯೂಟ್ಯೂಬಿನಲ್ಲಿ ತೋರಿಸುತ್ತಾರೆ. ಆಗುತ್ತದೆ, ನಿಜ. ಉಬುಂಟುವಿನವರು ಇನ್ನೂ ತೆರೆಯದ ಬಾಗಿಲನ್ನು ನೀವು ತಳ್ಳಿದ ಹಾಗೆ. ಕೆಲಸದ ಕಂಪ್ಯೂಟರಿನಲ್ಲಿ ಬೇಡವೇ ಬೇಡ.

ಕಾಯುವುದರಿಂದ ನಷ್ಟ ಏನೂ ಇಲ್ಲ. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಸಾಮಾನ್ಯ ಬೆಂಬಲವೇ ಇದೆ. 20.04ರದ್ದು ಮಾತ್ರ 2025ರ ಮೇ ತಿಂಗಳಿಗೆ ಮುಗಿಯಿತು. ಇನ್ನೂ ಅದರಲ್ಲೇ ಇದ್ದೀರಾದರೆ ಉಬುಂಟು ಪ್ರೋ ನೋಂದಣಿ ಮಾಡಿಕೊಳ್ಳಿ. ಸ್ವಂತ ಬಳಕೆಗೆ ಐದು ಕಂಪ್ಯೂಟರುಗಳವರೆಗೆ ದುಡ್ಡಿಲ್ಲ, ಭದ್ರತೆಯ ಅಪ್‌ಡೇಟ್ ಹತ್ತು ವರ್ಷಕ್ಕೆ ಮುಂದುವರಿಯುತ್ತದೆ. ಇನ್ನೊಂದು, 20.04ರಿಂದ ನೇರ 24.04ಕ್ಕೆ ಹಾರಲಿಕ್ಕೆ ಆಗುವುದಿಲ್ಲ. ಮೊದಲು 22.04, ಆಮೇಲೆ 24.04.

ಹಂತ 4: ನಮ್ಮ ಊರಿನ ಕ್ಯಾಲೆಂಡರ್ ತೆಗೆಯಿರಿ

ಇಂಗ್ಲಿಷಿನಲ್ಲಿ ಬರೆದ ಯಾವ ಮಾರ್ಗದರ್ಶಿಯಲ್ಲೂ ಇದು ಸಿಗುವುದಿಲ್ಲ. ನಮಗೆ ಎಲ್ಲಕ್ಕಿಂತ ಮುಖ್ಯ ಇದೇ.

ಉಬುಂಟು ಬರುವ ಎರಡು ತಿಂಗಳೂ ನಮ್ಮಲ್ಲಿ ಸಿಡಿಲಿನ ತಿಂಗಳು. ಏಪ್ರಿಲ್, ಮೇಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ. ಅಕ್ಟೋಬರ್, ನವೆಂಬರಿನಲ್ಲಿ ತುಲಾ ಮಾಸದ ಮಳೆ, ಅದೂ ಗುಡುಗು ಸಿಡಿಲಿನದ್ದೇ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಿಡಿಲಿನ ಎಚ್ಚರಿಕೆಯಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಜಾಸ್ತಿ ಜಾಗ್ರತೆ ಅಂತ ಇರುತ್ತದೆ. ಕಂಪ್ಯೂಟರಿನ ಪ್ಲಗ್, ಮೋಡೆಮಿನ ವೈರ್ ಎಲ್ಲ ಎಳೆದು ಇಡಬೇಕಾದ ಹೊತ್ತು ಅದು. ಅದೇ ಹೊತ್ತಿನಲ್ಲಿ ಒಂದೆರಡು ಗಂಟೆ ಪ್ಲಗ್ ತೆಗೆಯಬಾರದ ಕೆಲಸವನ್ನು ಹಚ್ಚಿ ಕೂತರೆ ಹೇಗೆ?

ನಾನು ಕೂತಿದ್ದೆ. ಒಂದು ಏಪ್ರಿಲ್ ಸಂಜೆ, ಆಕಾಶ ಕಪ್ಪಾಗುವುದನ್ನು ಕಂಡೂ ಶುರು ಮಾಡಿದ್ದೆ. ಅರ್ಧ ಆಗಿರುವಾಗ ಮನೆಯ ಹಿಂದಿನ ತೋಟದಲ್ಲಿ ಸಿಡಿಲು ಬಡಿಯಿತು, ಕರೆಂಟು ಹೋಯಿತು. ಬ್ಯಾಟರಿ ಹಾಳಾಗಿದ್ದ ಲ್ಯಾಪ್‌ಟಾಪ್ ಅದೇ ಕ್ಷಣ ಆಫ್. ಸರಿಮಾಡಲಿಕ್ಕೆ ಎರಡು ದಿನ ಹಿಡಿಯಿತು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದರೆ ಸಿಡಿಲು ಕಡಿಮೆ ಆಗುತ್ತದೆ. ಆದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವ ಕಾಲ ಅದು. ಜೂನ್ 1ಕ್ಕೆ ಶಾಲೆ ಶುರು. ಆಗಸ್ಟಿನಲ್ಲಿ '.1' ಬಂದು ಹದಿನೈದು ದಿನ ಕಾದರೆ ಓಣಂ ರಜೆಯ ಹತ್ತಿರ ಬರುತ್ತೀರಿ. ಇನ್ವರ್ಟರ್ ಇರುವವರಿಗೆ ಇದು ಒಂದು ಅವಕಾಶ.

ನನ್ನ ಆಯ್ಕೆ ಕ್ರಿಸ್ಮಸ್ ರಜೆ. ಮಳೆ ಹೋಗಿರುತ್ತದೆ, ಸಿಡಿಲಿನ ಹೆದರಿಕೆ ಇಲ್ಲ. '.1' ಬಂದು ನಾಲ್ಕು ತಿಂಗಳು ಕಳೆದು ಉಳಿದ ದೋಷಗಳೂ ಸರಿಯಾಗಿರುತ್ತವೆ. ಮಕ್ಕಳಿಗೆ ಹತ್ತು ದಿನ ರಜೆ, ಏನಾದರೂ ಎಡವಟ್ಟಾದರೂ ಫೆಬ್ರವರಿ, ಮಾರ್ಚಿನ ಪರೀಕ್ಷೆಗೆ ಇನ್ನೂ ಸಮಯ ಇದೆ. ಅಕ್ಷಯ ಕೇಂದ್ರದವರು ಯಾವುದಾದರೂ ಅರ್ಜಿಗೆ ಕೊನೆಯ ದಿನ ಇರುವ ವಾರವನ್ನು ಬಿಟ್ಟು ಶನಿವಾರ ಸಂಜೆ ಬ್ಯಾಕಪ್ ಮಾಡಿ, ಭಾನುವಾರ ಬೆಳಗ್ಗೆ ಕೆಲಸ ಶುರು ಮಾಡಿ. ಒಂದಕ್ಕಿಂತ ಜಾಸ್ತಿ ಕಂಪ್ಯೂಟರ್ ಇದ್ದರೆ ಮೊದಲು ಒಂದನ್ನು ಮಾತ್ರ. ಅದನ್ನು ಒಂದು ವಾರ ಓಡಿಸಿ ನೋಡಿ, ಆಮೇಲೆ ಉಳಿದವು.

ಯಾವ ತಿಂಗಳಾದರೂ ಬೆಳಗ್ಗೆಯೇ ಶುರು ಮಾಡಿ. ಆರು ಗಂಟೆಗೆ ಕೂತರೆ ಊಟದ ಹೊತ್ತಿಗೆ ಮುಗಿದಿರುತ್ತದೆ.

ಹಂತ 5: ಬ್ಯಾಕಪ್, ಮತ್ತೆ ಪೆನ್‌ಡ್ರೈವಿನಲ್ಲಿ ಪರೀಕ್ಷೆ

ಅಪ್‌ಗ್ರೇಡ್ ಮಾಡಿದ ಮೇಲೆ ಹಿಂದಿನ ಆವೃತ್ತಿಗೆ ಮರಳುವ ಬಟನ್ ಇಲ್ಲ. ಹಾಗಾಗಿ ಹೋಮ್ ಫೋಲ್ಡರನ್ನು ಪೂರ್ತಿ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅಡಗಿದ ಫೋಲ್ಡರುಗಳೂ ಕಾಣುತ್ತವೆ. ಬ್ರೌಸರಿನ ಬುಕ್‌ಮಾರ್ಕ್, ನೀವೇ ಹಾಕಿಕೊಂಡ ಫಾಂಟ್ ಎಲ್ಲ ಅವುಗಳಲ್ಲಿ ಇರಬಹುದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದ ದಾಖಲೆ ಇಟ್ಟುಕೊಂಡವರು ಆ ಫಾಂಟುಗಳನ್ನು ಮರೆಯಬೇಡಿ, ಅವಿಲ್ಲದೆ ಆ ಬರಹ ಓದಲಿಕ್ಕೇ ಆಗುವುದಿಲ್ಲ. ನಕಲು ಆದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ಎರಡು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ಹೊಸ ಆವೃತ್ತಿಯ ಐಎಸ್‌ಒ ಇಳಿಸಿಕೊಳ್ಳಿ. 24.04ರದ್ದು ಹೆಚ್ಚುಕಡಿಮೆ 6 ಜಿಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದರೆ ಅರ್ಧದಲ್ಲಿ ಸ್ಪೀಡ್ ಸತ್ತುಹೋಗುತ್ತದೆ. ಫೈಬರ್ ಇರುವ ಮನೆಯಲ್ಲಿ ಇಳಿಸಿ ತನ್ನಿ. ತರುವಾಗ ಇನ್ನೊಂದು ತಪ್ಪು ಆಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, 64 ಜಿಬಿಯ ಪೆನ್‌ಡ್ರೈವ್ ಆದರೂ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಬೂಟ್ ಮಾಡುವ ಪೆನ್‌ಡ್ರೈವಿಗೆ ಐಎಸ್‌ಒ ಫೈಲನ್ನು ಸುಮ್ನೆ ಎಳೆದು ಹಾಕಿದರೆ ಆಗುವುದಿಲ್ಲ. ಉಬುಂಟುವಿನಲ್ಲೇ ಇರುವ 'ಸ್ಟಾರ್ಟಪ್ ಡಿಸ್ಕ್ ಕ್ರಿಯೇಟರ್'ನಿಂದ ಬರೆಯಬೇಕು. 8 ಜಿಬಿಯದ್ದು ಸಾಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಅದರಿಂದ ಕಂಪ್ಯೂಟರ್ ಆನ್ ಮಾಡಿ 'ಟ್ರೈ ಉಬುಂಟು' ಒತ್ತಿ. ಹಾರ್ಡ್ ಡಿಸ್ಕನ್ನು ಮುಟ್ಟದೆ ಹೊಸ ಆವೃತ್ತಿ ಓಡುತ್ತದೆ. ವೈಫೈ ಸಿಗುತ್ತದಾ, ಶಬ್ದ ಬರುತ್ತದಾ, ಪ್ರಿಂಟರ್ ಕಾಣುತ್ತದಾ, ಬೆರಳಗುರುತು ಓದುವ ಯಂತ್ರ ಇದ್ದರೆ ಅದರ ಡ್ರೈವರ್ ಕೂರುತ್ತದಾ ನೋಡಿ. ಇಲ್ಲಿ ಕೆಲಸ ಮಾಡದ್ದು ಅಪ್‌ಗ್ರೇಡ್ ಆದ ಮೇಲೆ ತನ್ನಷ್ಟಕ್ಕೆ ಸರಿಯಾಗುತ್ತದೆ ಅಂತ ನಂಬಬೇಡಿ.

4 ಜಿಬಿಗಿಂತ ಕಡಿಮೆ ರ್‍ಯಾಮ್ ಇದ್ದರೆ 24.04 ಬೇಡ. ಇರುವುದರಲ್ಲೇ ಉಬುಂಟು ಪ್ರೋ ಹಾಕಿಕೊಂಡು ಮುಂದುವರಿಯಿರಿ.

ಹಂತ 6: ಅಪ್‌ಗ್ರೇಡ್ ದಿನ

ಮೊದಲು ಈಗಿರುವ ಆವೃತ್ತಿಯ ಎಲ್ಲ ಅಪ್‌ಡೇಟ್ ಮುಗಿಸಿ ಒಮ್ಮೆ ರೀಸ್ಟಾರ್ಟ್ ಮಾಡಿ. ಡಿಸ್ಕಿನಲ್ಲಿ ಹತ್ತು ಹದಿನೈದು ಜಿಬಿ ಖಾಲಿ ಇರಲಿ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ. ಪವರ್ ಸೆಟ್ಟಿಂಗಿನಲ್ಲಿ ತಾನಾಗಿ ಸ್ಲೀಪ್ ಆಗುವುದನ್ನು ನಿಲ್ಲಿಸಿ. ಮುಚ್ಚಳ ಮುಚ್ಚಬೇಡಿ.

'ಸಾಫ್ಟ್‌ವೇರ್ ಅಪ್‌ಡೇಟರ್' ತೆರೆಯಿರಿ. ಕಂಪ್ಯೂಟರ್ ಅಪ್‌ಡೇಟ್ ಆಗಿದೆ, ಆದರೆ ಹೊಸ ಎಲ್‌ಟಿಎಸ್ ಬಂದಿದೆ ಅನ್ನುವ ಸಾಲು ಕಾಣುತ್ತದೆ, ಪಕ್ಕದಲ್ಲಿ 'ಅಪ್‌ಗ್ರೇಡ್' ಬಟನ್. ಒತ್ತಿದರೆ ಬಿಡುಗಡೆ ಟಿಪ್ಪಣಿ ಬರುತ್ತದೆ. ಏನು ಬದಲಾಗಿದೆ, ಏನು ಇನ್ನೂ ಸರಿಯಾಗಿಲ್ಲ ಅಂತ ಅವರೇ ಬರೆದಿರುತ್ತಾರೆ. ಗೊತ್ತಿರುವ ತೊಂದರೆಗಳ ಭಾಗವನ್ನಾದರೂ ಓದಿ.

ಆಮೇಲೆ ಒಂದು ಸಣ್ಣ ಕಿಟಕಿಯಲ್ಲಿ ಕೆಲಸದ ಸಾಲುಗಳು ಕಾಣುತ್ತವೆ: ತಯಾರಿ, ಸಾಫ್ಟ್‌ವೇರ್ ಮೂಲಗಳನ್ನು ಬದಲಿಸುವುದು, ಪ್ಯಾಕೇಜುಗಳನ್ನು (ಸಾಫ್ಟ್‌ವೇರಿನ ಕಟ್ಟುಗಳನ್ನು) ಇಳಿಸುವುದು, ಹಾಕುವುದು, ಹಳತನ್ನು ಗುಡಿಸುವುದು, ರೀಸ್ಟಾರ್ಟ್. 'ಗೆಟ್ಟಿಂಗ್ ನ್ಯೂ ಪ್ಯಾಕೇಜಸ್' ಅನ್ನುವ ಸಾಲಿನವರೆಗೆ ನೀವು ನಿಲ್ಲಿಸಬಹುದು. 'ಇನ್‌ಸ್ಟಾಲಿಂಗ್ ದ ಅಪ್‌ಗ್ರೇಡ್ಸ್' ಶುರುವಾದ ಮೇಲೆ ನಿಲ್ಲಿಸಬಾರದು. ಆ ಗೆರೆ ದಾಟುವ ಮುಂಚೆ ಒಮ್ಮೆ ಹೊರಗೆ ಬಂದು ಆಕಾಶ ನೋಡಿ. ಮೋಡ ಕಟ್ಟಿದ್ದರೆ ನಿಲ್ಲಿಸಿ, ನಾಳೆ ಮಾಡಿದರಾಯಿತು.

ಬೇರೆಯವರು ನಡೆಸುವ ಸಾಫ್ಟ್‌ವೇರ್ ಮೂಲಗಳನ್ನು ಪಿಪಿಎ ಅನ್ನುತ್ತಾರೆ. ನೀವು ಯಾವುದಾದರೂ ಸೇರಿಸಿದ್ದರೆ ಅಪ್‌ಗ್ರೇಡ್ ಹೊತ್ತಿನಲ್ಲಿ ಅವು ಬಂದ್ ಆಗುತ್ತವೆ. ಅದು ಸರಿಯೇ, ಆಮೇಲೆ ಒಂದೊಂದಾಗಿ ತೆರೆಯಿರಿ. ಮಧ್ಯದಲ್ಲಿ ಯಾವುದೋ ಸೆಟ್ಟಿಂಗ್ ಫೈಲನ್ನು 'ಕೀಪ್' ಮಾಡಬೇಕಾ 'ರಿಪ್ಲೇಸ್' ಮಾಡಬೇಕಾ ಅಂತ ಕೇಳಿದರೆ, ಅರ್ಥ ಆಗದಿದ್ದಾಗ 'ಕೀಪ್'. ಈ ಪ್ರಶ್ನೆಗೆ ಉತ್ತರ ಕೊಡುವವರೆಗೆ ಕೆಲಸ ನಿಂತಿರುತ್ತದೆ. ಹಚ್ಚಿ ತೋಟಕ್ಕೆ ಹೋದವರು ಮಧ್ಯಾಹ್ನ ಬಂದು "ಇನ್ನೂ ಅಲ್ಲೇ ಇದೆ" ಅನ್ನುವುದು ಇದರಿಂದಲೇ. ಹತ್ತಿರ ಇರಿ.

ಕರೆಂಟು ಹೋಗಿ ಅರ್ಧದಲ್ಲಿ ನಿಂತರೆ ಕೂಡಲೇ ಎಲ್ಲ ಅಳಿಸಿ ಹೊಸದಾಗಿ ಹಾಕಲಿಕ್ಕೆ ಹೋಗಬೇಡಿ. ಆನ್ ಮಾಡುವಾಗ ಎಸ್ಕೇಪ್ ಕೀ, ಹಳೆಯ ಯಂತ್ರವಾದರೆ ಶಿಫ್ಟ್ ಕೀ ಒತ್ತಿದರೆ ಒಂದು ಮೆನು ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ 'ರಿಕವರಿ ಮೋಡ್', ಅದರೊಳಗೆ 'ಡಿಪಿಕೆಜಿ' ಅನ್ನುವ ಸಾಲು. ಅರ್ಧ ಕೂತ ಪ್ಯಾಕೇಜುಗಳನ್ನು ಪೂರ್ತಿ ಮಾಡುವ ಕೆಲಸ ಅದರದು. ನನ್ನ ಲ್ಯಾಪ್‌ಟಾಪ್ ಉಳಿದದ್ದು ಇದರಿಂದಲೇ.

ಹಂತ 7: ಆದ ಮೇಲೆ ನೋಡಬೇಕಾದ್ದು

ಮೊದಲು ಭಾಷೆ. ನಮ್ಮ ಕಡೆಯ ಕಂಪ್ಯೂಟರಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಾಗುತ್ತದಾ ನೋಡಿ. ಇಲ್ಲದಿದ್ದರೆ ಸೆಟ್ಟಿಂಗ್ಸಿನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸ್ ಮತ್ತೆ ಸೇರಿಸಿ. ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ, ಅಂದರೆ ನುಡಿಯಲ್ಲಿ ಬೆರಳಿಗೆ ರೂಢಿಯಾದದ್ದಕ್ಕೆ, 'ಕನ್ನಡ ಕಗಪ' ಆರಿಸಿ. ಮತ್ತೆ ಲಿಬ್ರೆ ಆಫೀಸ್ ತೆರೆದು ನಾಲ್ಕು ಪದ ಬರೆಯಿರಿ: ಲಕ್ಷ್ಮಿ, ಸೂರ್ಯ, ರಾಷ್ಟ್ರ, ರ್‍ಯಾಂಕ್. ಒತ್ತು, ಅರ್ಕಾವತ್ತು ಸರಿಯಾಗಿ ಕೂತರೆ ಫಾಂಟ್ ಸರಿ ಇದೆ. 'ರ್‍ಯಾಂಕ್' ಹೋಗಿ 'ರ್ಯಾಂಕ್' ಆದರೆ ಕೀಬೋರ್ಡ್ ಬದಲಾಗಿದೆ ಅಂತ ಅರ್ಥ. ಮಲಯಾಳಕ್ಕೆ ಚಿಲ್ಲಕ್ಷರ ಬರುವ ಒಂದೆರಡು ಪದ ನೋಡಿ.

20.04ರಿಂದ 22.04ಕ್ಕೆ ಬಂದವರಿಗೆ ಫೈರ್‌ಫಾಕ್ಸ್ ಮೊದಲ ಸಲ ತೆರೆಯಲಿಕ್ಕೆ ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಅದು ಸ್ನ್ಯಾಪ್ ಅನ್ನುವ ಹೊಸ ಕಟ್ಟಿನಲ್ಲಿ ಬರುವುದರಿಂದ ಹಾಗೆ. ಕಾಯಿರಿ, ಬುಕ್‌ಮಾರ್ಕ್ ಎಲ್ಲ ಒಳಗೇ ಇರುತ್ತವೆ.

ಕೊನೆಗೆ ಪ್ರಿಂಟರ್. ಎಚ್‌ಪಿ ಲೇಸರ್‌ಜೆಟ್ 1020ರಂಥ ಯಂತ್ರ ಇರುವ ಅಂಗಡಿಯವರು ಇದನ್ನು ಗಮನಿಸಿ. ಈ ಪ್ರಿಂಟರಿಗೆ ಎಚ್‌ಪ್ಲಿಪ್ ಅನ್ನುವ ಸಾಫ್ಟ್‌ವೇರಿನ ಜೊತೆಗೆ ಒಂದು ಪ್ಲಗಿನ್ ಬೇಕು, ಎರಡರ ಆವೃತ್ತಿ ಒಂದೇ ಆಗಿರಬೇಕು. ಅಪ್‌ಗ್ರೇಡಿನಲ್ಲಿ ಎಚ್‌ಪ್ಲಿಪ್ ಹೊಸದಾಗುತ್ತದೆ, ಪ್ಲಗಿನ್ ಹಳೆಯದೇ ಉಳಿಯುತ್ತದೆ. ಪ್ರಿಂಟ್ ಕೊಟ್ಟರೆ ಕೆಲಸ ಸರದಿಯಲ್ಲಿ ನಿಲ್ಲುತ್ತದೆ, ಕಾಗದ ಬರುವುದಿಲ್ಲ. ಪ್ರಿಂಟರ್ ಕೆಟ್ಟಿತು ಅಂತ ಕಾಸರಗೋಡು ಪೇಟೆಗೆ ಹೊತ್ತುಕೊಂಡು ಹೋಗಬೇಡಿ. ಎಚ್‌ಪ್ಲಿಪ್ ಟೂಲ್‌ಬಾಕ್ಸಿನಿಂದ ಪ್ಲಗಿನ್ ಮತ್ತೆ ಇಳಿಸಿ, ಪ್ರಿಂಟರಿನ ಯುಎಸ್‌ಬಿ ವೈರ್ ತೆಗೆದು ಪುನಃ ಚುಚ್ಚಿ. ಈ ಕೆಲಸಕ್ಕೆ ಇಂಟರ್‌ನೆಟ್ ಬೇಕು, ಹಾಗಾಗಿ ಸೋಮವಾರ ಬೆಳಗ್ಗೆ ಜನ ಬಂದು ನಿಲ್ಲುವ ಮೊದಲು, ಭಾನುವಾರವೇ ಒಂದು ಪುಟ ಪ್ರಿಂಟ್ ತೆಗೆದು ನೋಡಿ.